ಚಾವಣಿ ಸಾಲಿನ ಒಂದು ಸಾವು

ಧೊಪ್ — ಎದುರಿನ ಬೇಕರಿಯ ಚಾವಣಿಯಿಂದ ಹಿಮದ ಗಡ್ಡೆ ಜಾರಿ ಬಿತ್ತು, ಮಾರ್ಚ್ ಬಂತೆಂದರೆ ಟ್ರೊಂಡ್‌ಹೈಮ್ ಊರಿನ ಮನೆಗಳೆಲ್ಲ ಹೀಗೇ ಮೈ ಕೊಡವುತ್ತವೆ, ಆದರೂ ಮೇಲಿನಿಂದ ಏನೇ ಬಿದ್ದರೂ ಸುನ್ನೀವಾಳ ಎದೆ ಧಸಕ್ಕೆನ್ನುತ್ತದೆ, ಹನ್ನೊಂದು ವರ್ಷದಿಂದ ಕೆಲಸದಲ್ಲಿ ಸತ್ತವರನ್ನು ಎಣಿಸುವ ಸರಕಾರಿ ಹೆಂಗಸಿಗೆ ಇನ್ನೇನಾದೀತು, ಪರದೆಯ ಮೇಲೆ ವರ್ಷದ ಪಟ್ಟಿ, ಚಾವಣಿ ಹೊದಿಸುವವರು, ಐದು ಜನಕ್ಕಿಂತ ಕಡಿಮೆ ಇರುವ ಸಂಸ್ಥೆಗಳು, ಆರು, ಐದು, ಏಳು, ಆಚೆ ವರ್ಷ ನಾಲ್ಕು, ಹೋದ ವರ್ಷ ಒಂದು, ಒಂದೇ ಒಂದು — ಖುಷಿಪಡೋಣವೆಂದರೆ ಆ ಒಂದಕ್ಕೂ ಒಬ್ಬ ಹೆಂಡತಿ ಇರುತ್ತಾಳಲ್ಲ, ಹೆಂಡತಿಯರು, ಹೌದು, ಮೂರು ವರ್ಷದ ಕೆಳಗೆ ಸಂಶೋಧನೆಗೆಂದು ಊರೂರು ತಿರುಗಿದಾಗ ಕಂಡದ್ದು ಅದೇ, ದೊಡ್ಡ ಕಂಪನಿಗಳಲ್ಲಿ ಸುರಕ್ಷತೆಗೇ ಒಬ್ಬ ಅಧಿಕಾರಿ, ಇಲ್ಲಿ ಗಂಡ ಚಾವಣಿಯ ಮೇಲೆ, ಹಗ್ಗ ವ್ಯಾನಿನಲ್ಲಿ, ಸರಕಾರದ ಟಪಾಲು ಒಡೆದು ಓದುವವಳು ಅಡುಗೆಮನೆಯ ಮೇಜಿನ ಮುಂದೆ, ಹಾಗಾದರೆ ಅವಳಿಗೇ ಬರೆಯೋಣ ಅಂದಾಗ ಮೇಲಧಿಕಾರಿ ಹಾಲ್ವಾರ್ಡ್ ನಕ್ಕಿದ್ದ, ಹೆಂಡ್ತೀರಿಗೆ ಕಾಗದ ಬರೆಯೋದೂ ಸಂಶೋಧನೇನಾ ಮಾರಾಯ್ತಿ, ಆದರೂ ಎರಡು ಸಾವಿರ ಕಾಗದ ಹೋದವು, ಹಗ್ಗ ಕಟ್ಟಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಅವರನ್ನು ಹತ್ತಲು ಬಿಡಿ, ಅಷ್ಟೇ ಒಕ್ಕಣೆ — ಈಗ ಈ ಒಂದು, ಒಡ್‌ಮುಂಡ್ ಬ್ರೆಕ್‌ಹುಸ್, ಅರವತ್ತೊಂದು, ಗಂಡ ಹೆಂಡತಿ ಇಬ್ಬರದೇ ಸಂಸ್ಥೆ, ಅಕ್ಟೋಬರಿನಲ್ಲಿ ಬಿದ್ದದ್ದು, ಸತ್ತ ತಾರೀಖು ಮಾತ್ರ ಖಾಲಿ, ಖಾಲಿ ಬಿಟ್ರೆ ಪಟ್ಟಿ ಮುಗಿಯಲ್ಲ, ಮನೆಗೇ ಫೋನ್ ಮಾಡು ಅಂದ ಹಾಲ್ವಾರ್ಡ್, ಅವನಿಗೇನು, ಹೇಳಿಬಿಟ್ಟ, ವಿಧವೆಯ ದನಿ ಕೇಳಬೇಕಾದವಳು ಇವಳು, ನಂಬರು ಒತ್ತಿದಳು, ಗಂಟೆ ಹೊಡೆದುಕೊಳ್ಳುತ್ತಿದೆ, ಎತ್ತಬಾರದೇ, ಎತ್ತದಿದ್ದರೂ ಸರಿಯೇ — ಗಡಸು ಗಂಡು ದನಿ, ಸತ್ತವನ ತಮ್ಮನಿರಬೇಕು, ನಾನು ಅಂಕಿಅಂಶದ ಕಚೇರಿಯಿಂದ, ದಿವಂಗತ ಒಡ್‌ಮುಂಡ್ ಅವರ ವಿಷಯ, ಹೇಳಮ್ಮ, ದಿವಂಗತನೇ ಮಾತಾಡ್ತಿರೋದು — ಏನಂದ, ಏನಂದ ಇವನು, ಬಿದ್ದಿದ್ದು ನಿಜ ಕಣಮ್ಮ, ಒಂದೂವರೆ ಮೀಟರು, ಆಮೇಲೆ ಹಗ್ಗ ಹಿಡ್ಕೊಂತು, ಬೂಟುಗಾಲು ಗಾಳೀಲಿ ಒದ್ದಾಡಿಸ್ಕೊಂಡು ಅರ್ಧ ಗಂಟೆ ನೇತಾಡ್ದೆ, ಹಿಂದಿನಿಂದ ಹೆಂಗಸಿನ ದನಿ, ಯಾರ್ರೀ ಅದು, ಸರ್ಕಾರದೋರು ಕಣೇ ಟೂರಿಲ್, ನಾನು ಸತ್ತಿದೀನಂತೆ, ಹಂಗಾದ್ರೆ ಪಾತ್ರೆ ತೊಳ್ಯೋಕೆ ಯಾರನ್ನ ಕಳಿಸ್ತಾರೆ ಕೇಳಿ, ಫೋನು ಅವಳ ಕೈಗೆ ಹೋಯಿತು, ಆ ಕಾಗದ ಬರೆದೋರು ನೀವೇನಾ ತಾಯಿ, ಫ್ರಿಜ್ ಮೇಲೇ ಅಂಟಿಸಿದೀನಿ, ಹಗ್ಗ ಕಟ್ದೆ ಹತ್ತಿದ್ರೆ ಏಣೀನೇ ಎತ್ಕೊಂಡು ಹೋಗ್ತೀನಿ ಅಂದಿದ್ದೆ, ಅವತ್ತು ಅಪಘಾತದ ಫಾರಂ ತುಂಬಿದ್ದೂ ನಾನೇ, ಗಾಬರೀಲಿ ತಪ್ಪು ಚೌಕದಲ್ಲಿ ಗೀಟು ಹಾಕಿರ್ಬೇಕು, ಕ್ಷಮ್ಸಿ — ಕ್ಷಮಿಸುವುದೇನು, ಇಂಥ ತಪ್ಪು ದಿನಾ ಆಗಲಿ, ಒಂದನ್ನು ಅಳಿಸಿದಳು, ಸೊನ್ನೆ ಒತ್ತಿದಳು, ಹನ್ನೊಂದು ವರ್ಷದಲ್ಲಿ ಈ ಸಾಲಿಗೆ ಮೊದಲ ಸೊನ್ನೆ, ಏನಾಯ್ತೇ, ಅಳ್ತಿದೀಯಾ, ಬಾಗಿಲಲ್ಲಿ ಹಾಲ್ವಾರ್ಡ್, ಇಲ್ಲ, ನಗುವೇ ಹೀಗೆ ಕಣ್ಣಿಂದ ಇಳಿಯುತ್ತಿದೆ, ಮುಂದಿನ ಸಾಲಿನಲ್ಲಿ ಮೀನುಗಾರರು ಕಾಯುತ್ತಿದ್ದಾರೆ, ಎಣಿಸಬೇಕು, ಎಣಿಸುತ್ತೇನೆ, ಒಂದು ನಿಮಿಷ, ಕಣ್ಣ ಮುಂದೆ ಬೇರೇನೂ ಇಲ್ಲ, ಗಾಳಿಯಲ್ಲಿ ಒದ್ದಾಡುವ ಎರಡು ಬೂಟು, ಕೆಳಗೆ ಕತ್ತೆತ್ತಿ ಬಾಯ್ತುಂಬ ಬೈಯುತ್ತಿರುವ ಟೂರಿಲ್, ಬೂಟು, ಎಡದ ಬೂಟು, ಬಲದ ಬೂಟು, ಒದೆಯುತ್ತಲೇ ಇರುವ