ಎಡಕ್ಕೋ, ಬಲಕ್ಕೋ

ಹಲ್ಲಿನ ಡಾಕ್ಟರ ಆ ಕೆಂಪು ಕಾರನ್ನು ಮನೆಗೆ ತಂದು ಮೂರು ವರ್ಷವಾಗಿತ್ತು. ಹೆಂಡತಿ ಒಂದು ದಿನವೂ ಅದರಲ್ಲಿ ಕೂತಿರಲಿಲ್ಲ. ಕಾರಿನ ಮೇಲೆ ಅವಳಿಗೇನೂ ಹಗೆಯಿಲ್ಲ, ಸಿಟ್ಟೆಲ್ಲ ಅದು ಬಂದ ರೀತಿಯ ಮೇಲೆ. ಮಕ್ಕಳು ಕುಣಿದು ಕುಪ್ಪಳಿಸಿ ಸೀಟು ಹರಿದಿದ್ದ ಹಳೇ ಕಾರನ್ನು ಒಂದು ಬೆಳಗ್ಗೆ ಯಾರಿಗೋ ಮಾರಿ, ಸಂಜೆಗೆ ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡಂತಿದ್ದ ಈ ಸ್ಪೋರ್ಟ್ಸ್ ಕಾರನ್ನು ತಂದು ಬಾಗಿಲಲ್ಲಿ ನಿಲ್ಲಿಸಿದ್ದ. ದಿನವಿಡೀ ಊರವರ ಬಾಯಿ ತೆಗೆಸುವ ಮಹಾಶಯ ಮನೆಯಲ್ಲಿ ಮಾತ್ರ ಬಾಯಿ ಬಿಟ್ಟಿರಲಿಲ್ಲ.

"ನನ್ನನ್ನ ಒಂದು ಮಾತು ಕೇಳಿದ್ರಾ?" ಎಂದು ಅವಳು ಅಂದು ಕೇಳಿದಾಗ ಅವನು ಎಂಜಿನ್ನಿನ ಶಕ್ತಿಯ ಬಗ್ಗೆ ಹೇಳತೊಡಗಿದ. ಮರುದಿನದಿಂದ ಅವಳು ಕೆಲಸಕ್ಕೆ ಬಸ್ಸು ಹಿಡಿದಳು.

ಅವಳು ಈಜುಕೊಳದಲ್ಲಿ ಈಜು ಕಲಿಸುವ ಟೀಚರು. ಕಾಲುವೆ ಉಕ್ಕಿ ಬೀದಿಗಳಿಗೆಲ್ಲ ನೀರು ನುಗ್ಗಿದ ಆ ಮಧ್ಯಾಹ್ನ ಬಸ್ಸುಗಳು ನಿಂತವು. ಡಾಕ್ಟರ ಫೋನ್ ಮಾಡಿದ.

"ಅಲ್ಲೇ ಇರು, ಬರ್ತಿದ್ದೀನಿ."

"ಬೇಡ. ಈಜ್ಕೊಂಡು ಬರ್ತೀನಿ," ಎಂದು ಅವಳು ಫೋನಿಟ್ಟಳು.

ತುಂತುರು ಹನಿಗೂ ಕಾರಿಗೆ ಹೊದಿಕೆ ಹೊದಿಸುತ್ತಿದ್ದ ಮನುಷ್ಯ ಆ ದಿನ ಅದನ್ನು ನೀರಿಗಿಳಿಸಿದ. "ಇದು ಉಸಿರಾಡೋದು ಕೆಳಗಿನಿಂದ, ಒಳಗೆ ನೀರು ಹೋಯ್ತೋ, ಕಥೆ ಮುಗೀತು," ಎಂದು ಮೆಕ್ಯಾನಿಕ್ ಹೇಳಿದ್ದು ಅವನಿಗೆ ನೆನಪಿತ್ತು. ಅದಕ್ಕೇ ಅಲೆಯೇಳದಂತೆ, ಎಲ್ಲೂ ನಿಲ್ಲದೆ ಮೆಲ್ಲಗೆ ಹೋದ. ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಒಬ್ಬ ಇವನನ್ನು ದಾಟಿ ಮುಂದೆ ಹೋದ. ಮೇಲಿನ ಕಿಟಕಿಯಿಂದ ಯಾರೋ ಅಜ್ಜಿ, "ಎಷ್ಟಪ್ಪಾ ದೋಣಿಗೆ?" ಎಂದು ಕೇಳಿದರು. ಡಾಕ್ಟರನಿಗೆ ನಗುವ ಧೈರ್ಯವಿರಲಿಲ್ಲ. ಕಾರು ಹೋದರೆ ಹೋಯಿತು ಎಂದು ಬಾಯಲ್ಲಿ ಅಂದುಕೊಂಡರೂ ಕಣ್ಣು ಮಾತ್ರ ಬಂಪರಿನವರೆಗೆ ಬಂದ ನೀರಿನ ಮೇಲೇ ಇತ್ತು.

ಈಜುಕೊಳದ ಮೆಟ್ಟಿಲ ಮೇಲೆ ಅವಳು ಕೊರಳಲ್ಲಿ ಸೀಟಿ, ಕೈಯಲ್ಲಿ ಚಪ್ಪಲಿ ಹಿಡಿದು ನಿಂತಿದ್ದಳು. ನೀರು ಕಾರಿನ ಬಾಗಿಲಿನ ಅಂಚು ಮುಟ್ಟಿತ್ತು, ತೆಗೆದರೆ ಒಳಗೇ ಬರುತ್ತದೆ. ಅವನು ಗುಂಡಿಯೊತ್ತಿ ಕಾರಿನ ಮಾಡನ್ನೇ ಹಿಂದಕ್ಕೆ ಮಡಿಚಿದ. ಮಳೆ ನೇರವಾಗಿ ಅವನ ತಲೆಯ ಮೇಲೆ ಬಿತ್ತು.

ಅವಳು ಕಾರನ್ನು ನೋಡಿದಳು, ಆಮೇಲೆ ತೊಯ್ದು ತೊಪ್ಪೆಯಾದ ಗಂಡನನ್ನು. "ಇದನ್ನ ಇಲ್ಲೀವರೆಗೂ ತಂದ್ರಾ?"

"ಮತ್ತಿನ್ನೇನು ಮಾಡ್ಲಿ?"

ಅವಳು ಮೆಟ್ಟಿಲಿನಿಂದಲೇ ಬಾಗಿಲು ದಾಟಿ, ಕೆಸರುಗಾಲನ್ನು ಕೆನೆಬಣ್ಣದ ಸೀಟಿನ ಮೇಲಿಟ್ಟು ಒಳಗಿಳಿದಳು. ಸ್ವಂತ ತಮ್ಮನಿಗೂ ಶೂ ಬಿಚ್ಚಿಸಿ ಕೂರಿಸುತ್ತಿದ್ದ ಡಾಕ್ಟರ ಕೈ ಚಾಚಿ ಅವಳ ಚಪ್ಪಲಿ ಇಸಿದುಕೊಂಡ.

ಮೆಲ್ಲಗೆ ವೃತ್ತಕ್ಕೆ ಬಂದರು. ಅಲ್ಲಿ ದಾರಿ ಎರಡಾಗುತ್ತಿತ್ತು. ಎರಡೂ ಕಡೆ ಒಂದೇ ಕಂದು ನೀರು, ಯಾವುದು ಆಳವೆಂದು ಹೇಳುವಂತಿರಲಿಲ್ಲ. ಅವನ ಕೈ ತಾನಾಗಿ ಎಡಕ್ಕೆ ಎಳೆಯಿತು. ಅಷ್ಟರಲ್ಲಿ ಏನನ್ನಿಸಿತೋ ಏನೋ, ಪಕ್ಕಕ್ಕೆ ತಿರುಗಿದ.

"ಎಡಕ್ಕೋ, ಬಲಕ್ಕೋ?"

ಅವಳು ಕತ್ತು ತಿರುಗಿಸಿ ಅವನನ್ನೇ ನೋಡಿದಳು. "ನನ್ನನ್ನ ಕೇಳ್ತಿದ್ದೀರಾ?"

"ಇನ್ಯಾರಿದ್ದಾರೆ ಇಲ್ಲಿ?"

"ಬಲಕ್ಕೆ," ಎಂದಳು. "ಎಡಗಡೆ ಕಾಲುವೆ ಹತ್ತಿರ."

ಅವನು ಬಲಕ್ಕೆ ತಿರುಗಿಸಿದ. ಬ್ಯಾಂಕು ದಾಟಿ, ಔಷಧಿ ಅಂಗಡಿ ದಾಟಿದ ಮೇಲೆ ರಸ್ತೆ ಸದ್ದಿಲ್ಲದೆ ಕೆಳಗಿಳಿಯಿತು. ಕಾರು ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿ ನಿಂತುಹೋಯಿತು. ಮಳೆಯ ಸದ್ದು ಬಿಟ್ಟರೆ ಬೇರೇನೂ ಉಳಿಯಲಿಲ್ಲ. ನೀರು ಪೆಡಲುಗಳ ಕಡೆಯಿಂದ ಒಳಗೆ ಬಂದು ಅವನ ಪಾದ ಮುಚ್ಚಿತು.

ಡಾಕ್ಟರನಿಗೆ ನಿಜಕ್ಕೂ ಅಳು ಬಂತು. ಮೂರು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದ ಕಾರು. ಹೆಂಡತಿ ಬೈಗುಳಕ್ಕೆ ಕಾದವಳಂತೆ ಮಡಿಲಲ್ಲಿ ಕೈಯಿಟ್ಟು ಕೂತಿದ್ದಳು.

"ಬಲಕ್ಕೆ ಅಂದವಳು ನಾನು," ಎಂದಳು.

"ಕೇಳಿದವನು ನಾನು," ಎಂದ ಅವನು, ಮೂಗು ಒರೆಸಿಕೊಳ್ಳುತ್ತಾ.

ಅವಳು ಸೀಟಿಗೆ ಬೆನ್ನು ಒರಗಿಸಿದಳು. ಆ ಕಾರಿನಲ್ಲಿ ಮೊದಲ ಬಾರಿಗೆ ಆರಾಮವಾಗಿ ಕೂತಳು. "ಸೀಟು ಚೆನ್ನಾಗಿದೆ ರೀ," ಎಂದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ.

"ಈಗೇನು ಮಾಡೋಣ?" ಎಂದ.

"ಇಳೀರಿ, ತಳ್ಳೋಣ."

ಬಾಗಿಲು ತೆಗೆದರು. ಬರಬೇಕಾದ ನೀರೆಲ್ಲ ಒಳಗೆ ಬಂತು. ಅವನು ಹಿಂದಿನಿಂದ ತಳ್ಳಿದ. ಅವಳು ಪಕ್ಕದಲ್ಲಿ ನಡೆಯುತ್ತಾ ಒಂದು ಕೈಯನ್ನು ಸ್ಟೀರಿಂಗಿಗೆ ಹಾಕಿ, ಮಕ್ಕಳಿಗೆ ಊದುವಂತೆ ಸೀಟಿ ಊದಿದಳು. ಕಾರು ಮೆಲ್ಲಗೆ ಕದಲಿತು. ಮನೆಯ ಬೀದಿ ಇನ್ನೂ ದೂರವಿತ್ತು.

"ಮುಂದಿನ ಕಾರು ಯಾವುದು ತಗೊಳ್ಳೋಣ?" ಎಂದು ಹಿಂದಿನಿಂದ ಏದುಸಿರಿನಲ್ಲೇ ಕೇಳಿದ. "ನಾಲ್ಕು ಸೀಟಿಂದಾ? ಬಣ್ಣ ಯಾವುದಿರಲಿ?"

ಅವಳು ತಿರುಗಿ ನೋಡಲಿಲ್ಲ. ಬಾಯಿಂದ ಸೀಟಿ ತೆಗೆದು ಹೇಳಿದಳು.

"ಹೇಳ್ತೀನಿ. ನೀವು ಕೇಳ್ತಾ ಇರಿ."