ಹರಿದ ಗಾಯ

ಅಕ್ಕನ ಲಾಂಡ್ರಿಯಲ್ಲಿ ಕೂರಲು ಇರುವುದು ಒಂದೇ ಸ್ಟೂಲು. ಅದರ ಮೇಲೂ ಯಾರದೋ ಪ್ಯಾಂಟುಗಳ ಗುಡ್ಡೆ. ಅದನ್ನು ಪಕ್ಕಕ್ಕೆ ತಳ್ಳಿ ನನ್ನನ್ನು ಕೂರಿಸಿ, ಇಸ್ತ್ರಿ ಮೇಜಿನ ಮೇಲೆ ಮಗನ ಪೋಸ್ಟ್‌ಮಾರ್ಟಮ್ ವರದಿ ಹರಡಿದಳು. ಅವನು ತೀರಿಕೊಂಡು ಎರಡು ತಿಂಗಳಾಗಿತ್ತು.

"ನೀನು ಇಂಗ್ಲಿಷ್ ಟೀಚರಲ್ವಾ, ಜೋರಾಗಿ ಒಂದು ಅರ್ಜಿ ಬರಿ. ಆ ಕಡ್ಡೀನ ಪೊಲೀಸರು ಬಿಟ್ಟುಬಿಟ್ಟಿದ್ದಾರೆ. ಚಾಕು ಹಾಕಿದ್ದಾನೆ ಅಂತ ಡಾಕ್ಟ್ರೇ ಬರೆದಿದ್ದಾರೆ, ನೋಡು."

ಕಡ್ಡಿ ಅಂದರೆ ಮಗನ ಜೊತೆ ಪೇಂಟಿಂಗ್ ಕೆಲಸ ಮಾಡುತ್ತಿದ್ದ ಸಣಕಲು ಗೆಳೆಯ. ಸಾವಿನ ಹಿಂದಿನ ಸಂಜೆ ಇಬ್ಬರೂ ಜಗಳವಾಡಿದ್ದು ಬೀದಿಗೆಲ್ಲ ಗೊತ್ತಿತ್ತು. ಮಾರನೆಯ ದಿನ ಮೂರನೇ ಮಹಡಿಗೆ ಕಟ್ಟಿದ್ದ ಹಲಗೆಯಿಂದ ಹುಡುಗ ಒಡೆದ ಇಟ್ಟಿಗೆಗಳ ರಾಶಿಯ ಮೇಲೆ ಬಿದ್ದ ಅಂತ ಉಳಿದ ಕೆಲಸಗಾರರು ಹೇಳಿದರು. ಆದರೆ ಕೆಳಗೆ ನಿಂತಿದ್ದ ಕಡ್ಡಿಯ ಕೈಯಲ್ಲಿ ಹಳೇ ಬಣ್ಣ ಕೆರೆಯುವ ಚಾಕು ಇತ್ತು. ಅಕ್ಕನಿಗೆ ಅಷ್ಟೇ ಸಾಕಾಯಿತು.

"ಚಾಕು ಅಂತ ನಿಂಗೆ ಯಾರು ಹೇಳಿದ್ದು?"

"ವಕೀಲರ ಗುಮಾಸ್ತ. ಈ ಪದ ಇದ್ಯಲ್ಲ, ಇದಕ್ಕೆ ಕೊಯ್ದ ಗಾಯ ಅಂತ ಅರ್ಥವಂತೆ."

ಅವಳ ಬೆರಳ ಕೆಳಗಿದ್ದ ಪದ ‘ಲ್ಯಾಸರೇಷನ್’. ಆ ಗುಮಾಸ್ತನ ಮೇಲೆ ಮೈಯೆಲ್ಲ ಉರಿಯಿತು. ಗೊತ್ತಿಲ್ಲ ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಪದಗಳ ಮೂಲ ಕೆದಕುವುದು ನನ್ನ ಹಳೆಯ ಚಟ. ತರಗತಿಯಲ್ಲಿ ಶುರು ಮಾಡಿದರೆ ಗಂಟೆ ಹೊಡೆದರೂ ನಿಲ್ಲಿಸುವವಳಲ್ಲ. ಆವತ್ತು ಮಾತ್ರ ಬಾಯಿ ತೆರೆಯಲು ಹೆದರಿಕೆಯಾಯಿತು.

"ಅಕ್ಕ, ಅದು ಲ್ಯಾಟಿನ್ನಿಂದ ಬಂದಿದ್ದು. ‘ಲಾಕೆರ್’ ಅಂದ್ರೆ ಹರಿದದ್ದು, ಚಿಂದಿಯಾದದ್ದು. ಡಾಕ್ಟ್ರು ಈಗ್ಲೂ ಹಾಗೇ ಬರೀತಾರೆ. ಕಲ್ಲಿಗೋ ಇಟ್ಟಿಗೆಗೋ ಬಡಿದು ಚರ್ಮ ಹರಿದ್ರೆ ಈ ಪದ. ಚಾಕು ಗಾಯಕ್ಕೆ ಬೇರೆ ಹೆಸರಿದೆ. ಅದು ಇದ್ರಲ್ಲಿ ಎಲ್ಲೂ ಇಲ್ಲ."

"ಎಲ್ಲಾ ಒಂದೇ ಅಲ್ವೇನೇ? ಗಾಯ ಗಾಯಾನೇ."

"ಕತ್ತರಿ ಹಾಕಿದ ಬಟ್ಟೆ, ಮೊಳೆಗೆ ಸಿಕ್ಕಿ ಹರಿದ ಬಟ್ಟೆ ಒಂದೇನಾ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಸತ್ತ ಮಗನ ಮೈಯನ್ನು ಬಟ್ಟೆಗೆ ಹೋಲಿಸಿ ಪಾಠ ಮಾಡುವ ದರಿದ್ರ ಬುದ್ಧಿ ನನಗೇಕೆ ಬಂತೋ. ಅಕ್ಕ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು.

"ಹಾಗಾದ್ರೆ ಅವನಾಗೇ ಬಿದ್ದಿದ್ದು?"

"ಹೂಂ."

"ಯಾರೂ ಏನೂ ಮಾಡಿಲ್ಲ?"

"ಇಲ್ಲ ಅಕ್ಕ. ಕಡ್ಡಿ ಪಾಪದವನು. ನಿನ್ನ ಮಾತು ಕೇಳ್ಕೊಂಡು ಈಗ ಯಾರೂ ಅವನಿಗೆ ಕೆಲಸ ಕೊಡ್ತಿಲ್ಲ."

ಅವಳು ವರದಿಯನ್ನು ಮಡಿಸಿದಳು, ಮತ್ತೆ ಬಿಡಿಸಿದಳು.

"ಆದ್ರೂ ನೀನು ಚಾಕು ಅಂತಲೇ ಬರಿ."

"ಬರಿಯಲ್ಲ. ಆ ಹುಡುಗನನ್ನೂ ಒಬ್ಬಳು ತಾಯಿ ಹೆತ್ತಿದ್ದಾಳೆ."

ಬೀದಿ ಕೊನೆಗೆ ಕೇಳುವ ಹಾಗೆ ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಗೋಡೆಗೆ ಒರಗಿ ನೆಲದ ಮೇಲೆ ಕುಸಿದಳು.

"ಅವತ್ತು ಬೆಳಿಗ್ಗೆ ಎಷ್ಟು ಕೂಗಿದ್ರೂ ಏಳಲಿಲ್ಲ ಕಣೇ. ಹೊದಿಕೆ ಕಿತ್ತು ಎಸೆದೆ. ಮುಖ ಊದಿಸ್ಕೊಂಡು, ತಿಂಡೀನೂ ತಿನ್ನದೆ ಹೊರಟ. ಎಲ್ಲಾದ್ರೂ ಬಿದ್ದು ಸಾಯಿ ಹೋಗು ಅಂತ ಬಾಗಿಲಲ್ಲಿ ನಿಂತು ಬೈದೆ."

ಹೆತ್ತವರ ಬಾಯಲ್ಲಿ ಬರುವ ಮಾತೇ ಅದು. ನಮ್ಮಮ್ಮ ನಮ್ಮಿಬ್ಬರಿಗೂ ದಿನ ಬೆಳಗಾದರೆ ಅನ್ನುತ್ತಿದ್ದಳು. ಅದನ್ನೇ ಹೇಳಿದೆ. ಅಕ್ಕ ಕೇಳಿಸಿಕೊಳ್ಳಲಿಲ್ಲ. ನನ್ನ ಕೈಗೆ ಪೆನ್ನು ತುರುಕಿ ಮುಷ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಚಾಕು ಅಂತ ಬರಿಯೇ. ಹುಟ್ಟಿದಾಗಿಂದ ನನ್ನ ಒಂದು ಮಾತೂ ಕೇಳಿದವನಲ್ಲ ಅವನು. ಬಿದ್ದು ಸತ್ತಿದ್ದು ಅಂದ್ರೆ, ಅದೊಂದನ್ನ ಕೇಳಿಬಿಟ್ಟ ಹಾಗಾಗುತ್ತೆ."