ಎಪ್ಪತ್ತರ ಮೇಲೆ ನಾಲ್ಕು

ಹದಿನಾಲ್ಕು ತುಂಬಿದ್ದರೂ ಪುಟ್ಟಿ ಇನ್ನೂ ಪುಟ್ಟಿಯೇ. ಮೈ ಬೆಳೆದಿತ್ತು, ಬುದ್ಧಿ ಏಳೆಂಟು ವರ್ಷದ ಮಗುವಿನದು. ಅವಳಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸದವಳು; ಅಲ್ಲಿ ಎಲ್ಲರಿಗೂ ಇಸ್ತ್ರಿ ಅಕ್ಕ. ಮಗಳನ್ನು ಬೆಡ್‌ಶೀಟಿನ ಗಂಟುಗಳ ನಡುವೆ ಕೂರಿಸಿಕೊಂಡೇ ಇಷ್ಟು ವರ್ಷ ದುಡಿದಿದ್ದಳು. ಒಂದು ದಿನ ಪುಟ್ಟಿ, ಹಬೆ ಎಲ್ಲಿಂದ ಬರುತ್ತದೆಂದು ನೋಡಲು ಹೋಗಿ, ಬೆಡ್‌ಶೀಟಿಗೆ ಇಸ್ತ್ರಿ ಹಾಕುವ ಕಾದ ರೋಲರಿಗೆ ಅಂಗೈ ಒತ್ತಿಬಿಟ್ಟಳು. ಇನ್ನು ಇವಳು ಒಳಗೆ ಬಂದರೆ ನೀನೂ ಹೊರಗೆ ಎಂದು ಸೂಪರ್‌ವೈಸರ್ ಅವತ್ತೇ ಹೇಳಿದ.

ಉಳಿದದ್ದು ಎರಡೇ ದಾರಿ. ಒಂದು, ಬುದ್ಧಿ ಮಂದವಾದ ಮಕ್ಕಳ ವಸತಿ ಶಾಲೆ. ಊಟ, ಹಾಸಿಗೆ, ಕೈಕೆಲಸ ಎಲ್ಲ ಅಲ್ಲೇ. ಇನ್ನೊಂದು, ಬೆಳಿಗ್ಗೆಯಿಂದ ಸಂಜೆವರೆಗೆ ಮಗಳನ್ನು ಮನೆಯೊಳಗೆ ಹಾಕಿ ಹೊರಗಿನಿಂದ ಬೀಗ ಜಡಿಯುವುದು. ಶಾಲೆಯ ಗುಮಾಸ್ತ, ಬುದ್ಧಿಮತ್ತೆಯ ಪರೀಕ್ಷೆ ಇರುತ್ತದೆ, ಸೀಟು ಅದರ ಅಂಕ ನೋಡಿ ಕೊಡುತ್ತಾರೆ ಎಂದಷ್ಟೇ ಹೇಳಿ ಕಳಿಸಿದ. ಪುಣ್ಯಾತ್ಮ ಇನ್ನೆರಡು ಮಾತು ಆಡಿದ್ದರೆ ಅವನ ಗಂಟೇನು ಹೋಗುತ್ತಿತ್ತು!

ಹೆಚ್ಚು ಅಂಕ ತೆಗೆದವರಿಗೆ ಸೀಟು. ಇಷ್ಟು ಯಾರಿಗೆ ಗೊತ್ತಿಲ್ಲ? ಇಸ್ತ್ರಿ ಅಕ್ಕ ಓಣಿಯ ಟ್ಯೂಷನ್ ಮೇಷ್ಟ್ರ ಕಾಲು ಹಿಡಿದಳು. ಅಲ್ಪವಿದ್ಯಾ ಮಹಾಗರ್ವಿ ಅನ್ನುತ್ತಾರಲ್ಲ, ಹಾಗಿದ್ದ ಆಸಾಮಿ. ಎಲ್ಲಿಂದಲೋ ಅಂಥ ಪರೀಕ್ಷೆಯ ಪ್ರಶ್ನೆಗಳ ಪುಸ್ತಕವನ್ನೂ ಕೆಂಪು-ಬಿಳಿ ಮರದ ತುಂಡುಗಳನ್ನೂ ತಂದು, ಕತ್ತೆಯನ್ನೂ ಕುದುರೆ ಮಾಡುತ್ತೇನೆ ಎಂದ. ಬೇಸಿಗೆಯೆಲ್ಲ ಆ ಮನೆಯಲ್ಲಿ ಅದೇ ಪಾರಾಯಣ. ಚಿತ್ರ ನೋಡಿ ತುಂಡು ಜೋಡಿಸು, ಅಂಕಿಗಳನ್ನು ಹಿಂದಿನಿಂದ ಹೇಳು, ಗುಂಪಿಗೆ ಸೇರದ್ದನ್ನು ತೋರಿಸು. ತಪ್ಪಿದರೆ ಅನ್ನ ತಡ. ದಡ್ಡಿ, ಹೆಡ್ಡಿ, ನನ್ನ ಹೊಟ್ಟೆ ಉರಿಸೋಕೆ ಹುಟ್ಟಿದವಳು ಎಂದು ಅಮ್ಮ ಬೈಯುತ್ತಿದ್ದಳು, ಮಗಳು ಮೂಗು ಸೋರಿಸಿಕೊಂಡು ಜೋಡಿಸುತ್ತಿದ್ದಳು. ತಲೆಗೆ ಏನೂ ಹತ್ತಲಿಲ್ಲ, ಬೆರಳಿಗೆ ಮಾತ್ರ ಅಭ್ಯಾಸವಾಯಿತು.

ಪರೀಕ್ಷೆ ಮಾಡುವ ಮೇಡಂ ಮೊದಲೇ ಕೇಳಿದರು, ಇಂಥವನ್ನು ಮಗುವಿಗೆ ಯಾರಾದರೂ ಅಭ್ಯಾಸ ಮಾಡಿಸಿದ್ದಾರೆಯೇ ಎಂದು. ಸೀಟು ಕಣ್ಣೆದುರು ಕುಣಿಯುತ್ತಿರುವಾಗ ನಿಜ ಹೇಳಲು ಇಸ್ತ್ರಿ ಅಕ್ಕನಿಗೇನು ಹುಚ್ಚೇ? ಎಲ್ಲ ಅವಳ ಸ್ವಂತ ಬುದ್ಧಿ ಎಂದು ಎದೆಯುಬ್ಬಿಸಿ ಹೇಳಿ, ಹಾಗೆಂದು ಬರೆದ ಕಾಗದಕ್ಕೆ ಸಹಿ ಹಾಕಿದಳು. ಒಳಗೆ ಪುಟ್ಟಿ ಚಕಚಕನೆ ತುಂಡು ಜೋಡಿಸುವುದನ್ನು ಬಾಗಿಲ ಗಾಜಿನಿಂದ ಇಣುಕಿ ನೋಡಿದಾಗ ಅವಳ ಹೆತ್ತ ಹೊಟ್ಟೆ ತಣ್ಣಗಾಯಿತು.

"ಎಪ್ಪತ್ನಾಲ್ಕು ಬಂದಿದೆ," ಎಂದರು ಮೇಡಂ. "ಇಲ್ಲಿ ಎಪ್ಪತ್ತು ಲೆಕ್ಕ."

"ನಾಲ್ಕು ಜಾಸ್ತಿನೇ ಬಂತಲ್ಲ ಮೇಡಂ!"

ಅಯ್ಯೋ, ಆ ಮುಖದ ಮೇಲಿನ ನಗು ನೋಡಬೇಕಿತ್ತು. ಮೇಡಂ ಸಮಾಧಾನವಾಗಿಯೇ ಬಿಡಿಸಿ ಹೇಳಿದರು. ಇದು ನೂರಕ್ಕೆ ಇಷ್ಟು ಎನ್ನುವ ಅಂಕವಲ್ಲ. ನೂರು ಎಂದರೆ ಆ ವಯಸ್ಸಿನವರ ನಡುಮಟ್ಟ, ಹೆಚ್ಚಿನ ಮಕ್ಕಳು ಅದರ ಆಸುಪಾಸಿನಲ್ಲೇ ಇರುತ್ತಾರೆ. ಎಪ್ಪತ್ತಕ್ಕಿಂತ ಕೆಳಗೆ ಬಂದವರಿಗೆ ಮಾತ್ರ ಈ ಶಾಲೆ. ಬೇರೆ ದಿನ ಕೂರಿಸಿದ್ದರೆ ನಾಲ್ಕೈದು ಅತ್ತಿತ್ತ ಆಗುತ್ತಿತ್ತೇನೋ, ಆದರೆ ಒಂದು ವರ್ಷದವರೆಗೆ ಮತ್ತೆ ಪರೀಕ್ಷೆ ಮಾಡುವಂತಿಲ್ಲ, ಅಷ್ಟರಲ್ಲಿ ಪುಟ್ಟಿಗೆ ಹದಿನೈದು ದಾಟಿರುತ್ತದೆ, ಅಂಥವರನ್ನು ಶಾಲೆ ಸೇರಿಸಿಕೊಳ್ಳುವುದಿಲ್ಲ. ಹುಡುಗಿಗೆ ಬೆಂಕಿ ಯಾವುದು ಬೆಳಕು ಯಾವುದು ಗೊತ್ತೇ ಎಂದು ಕೇಳುವ ಜಾಗ ಆ ನಿಯಮದಲ್ಲಿ ಎಲ್ಲೂ ಇರಲಿಲ್ಲ.

ಇಸ್ತ್ರಿ ಅಕ್ಕ ಮೇಜಿನ ಅಂಚು ಹಿಡಿದು ಮುಂದೆ ಬಾಗಿದಳು. "ಹೇಳ್ಕೊಟ್ಟಿದ್ವಿ ಮೇಡಂ. ಬೇಸಿಗೆ ಪೂರ್ತಿ ಹೇಳ್ಕೊಟ್ಟಿದ್ವಿ. ಅದು ಇವಳ ಬುದ್ಧಿ ಅಲ್ಲ."

"ಸ್ಕೋರ್ ಕೇಳಿದ್ಮೇಲೆ ಎಲ್ರೂ ಹೀಗೇ ಹೇಳ್ತಾರಮ್ಮ," ಎಂದು ಮೇಡಂ ಅವಳದೇ ಸಹಿಯನ್ನು ಅವಳ ಮುಂದೆ ಇಟ್ಟರು.

ಆಮೇಲೆ ತಾಯಿ ಮಾಡಿದ್ದನ್ನು ಶತ್ರುವೂ ಮಾಡಲಾರ. ಮಗಳನ್ನು ರೆಟ್ಟೆ ಹಿಡಿದು ಮೇಜಿನ ಮುಂದೆ ನಿಲ್ಲಿಸಿದಳು. ಇವಳಿಗೆ ಚಪ್ಪಲಿ ಎಡಬಲ ತಿಳಿಯದು, ಮೈ ನೆನೆದರೆ ಬಟ್ಟೆ ಬದಲಿಸಲು ಹೊಳೆಯದು, ತಿಂಗಳ ರಕ್ತ ನೋಡಿ ಪ್ರತಿ ಸಲವೂ ಸತ್ತೆನೆಂದು ಕಿರುಚುತ್ತಾಳೆ ಎಂದು ಒಂದೊಂದಾಗಿ ಬಿಚ್ಚಿಟ್ಟಳು. ಸುಟ್ಟ ಅಂಗೈ ತಿರುವಿ ತೋರಿಸಿದಳು. ಪುಟ್ಟಿ ನೆಲ ನೋಡುತ್ತಾ ನಿಂತಿದ್ದಳು. ಕಿವಿ ಮಾತ್ರ ಕೆಂಪಾಗಿತ್ತು. ಮೇಡಂ ಮುಂದಿನ ಮಗುವನ್ನು ಕರೆದರು.

ಮೆಟ್ಟಿಲಿಳಿಯುವಾಗ ಅಮ್ಮ ಮಗಳ ಕೆನ್ನೆಗೆ ಫಟಾರನೆ ಬಾರಿಸಿದಳು.

"ಯಾವ್ದು ತಪ್ಪಾಯ್ತಮ್ಮ?" ಎಂದು ಪುಟ್ಟಿ ಕೇಳಿದಳು.

"ಒಂದೂ ತಪ್ಪಾಗ್ಲಿಲ್ಲ ಕಣೇ. ತಪ್ಪಾಗಿದ್ರೆ ನೀನು ಬದುಕ್ಕೊಳ್ತಿದ್ದೆ."

ಪುಟ್ಟಿಗೆ ಕೇಳಿಸಿದ್ದು ಮೊದಲನೆಯ ಮಾತೊಂದೇ. ಒಂದೂ ತಪ್ಪಾಗಲಿಲ್ಲ! ಹುಟ್ಟಿದಂದಿನಿಂದ ಕೇಳದ ಮಾತು. ಕೆನ್ನೆ ಉಜ್ಜಿಕೊಳ್ಳುತ್ತಲೇ ದಾರಿಯುದ್ದಕ್ಕೂ ಅದನ್ನು ಗುನುಗಿಕೊಂಡು ಬಂದಳು. ಬೀದಿಯ ಕೊನೆಯ ಕಬ್ಬಿಣದಂಗಡಿಯಲ್ಲಿ ಅಮ್ಮ ನಿಂತು ಬೀಗ ಕೇಳಿದಳು. ಅಂಗಡಿಯವನು ಕೆಲವನ್ನು ಮುಂದಿಟ್ಟ. ಅಮ್ಮನ ಕೈ ಯಾವುದರ ಮೇಲೂ ಹೋಗಲಿಲ್ಲ. ಪುಟ್ಟಿಯೇ ಒಂದೊಂದನ್ನೂ ಜಗ್ಗಿ ನೋಡಿ, ಎಲ್ಲಕ್ಕಿಂತ ಗಟ್ಟಿಯಾದದ್ದನ್ನು ಆರಿಸಿ ಅಮ್ಮನ ಕೈಯಲ್ಲಿಟ್ಟಳು. ನಿಮ್ಮ ಮಗಳು ಜಾಣೆ ಎಂದ ಅಂಗಡಿಯವನು.